ಎಂಟು ರೂಪಾಯಿ ಸಂಬಳದ ಮೇಷ್ಟ್ರ ಮನೆ

(ಹೊಸೂರು ಕಡೆಯ ತೋಟ ಕಾರ್ಮಿಕರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣದ ಬರಹ)



ವಾರವೆಲ್ಲ ದುಡಿದು ದಣಿದು ಬಂದವರ ಮುಂದೆ ಉದ್ದ ಮಾತಾಡುವುದು ನ್ಯಾಯವಲ್ಲವೆಂದು ನಮಗೆ ಗೊತ್ತು. ಆದರೂ ಇವತ್ತು ಸ್ವಲ್ಪ ಹೊತ್ತು ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇವೆ. ಮಾತು ನಮ್ಮ ಮಕ್ಕಳದ್ದು. ಕೊಡಗಿನಲ್ಲಿ ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಮೇಸ್ತ್ರಿಯ ಮುಂಗಡ ತೆಗೆದುಕೊಂಡಾಗಿದೆ, ಹೋಗಲೇಬೇಕು. ಅಜ್ಜಿ ಇದ್ದ ಮನೆಯಲ್ಲಿ ಮಗು ಉಳಿಯುತ್ತದೆ, ಇಲ್ಲದ ಮನೆಯಲ್ಲಿ ಮಗುವೂ ಗಾಡಿ ಹತ್ತುತ್ತದೆ. ಕಾಫಿ ಸೀಸನ್ನು ಮುಗಿಸಿ ಹಿಂದಕ್ಕೆ ಬರುವಾಗ ಪರೀಕ್ಷೆ ಹತ್ತಿರವಾಗಿರುತ್ತದೆ, ಪಾಠ ದೂರವಾಗಿರುತ್ತದೆ. ಇಲ್ಲೇ ಉಳಿದು ಹೂವಿನ ತೋಟಕ್ಕೆ ಹೋಗುವವರ ಕಷ್ಟ ಬೇರೆ. ತಾಯಿ ನಸುಕಿನಲ್ಲೇ ಗುಲಾಬಿ ಕೊಯ್ಯಲು ಹೊರಟರೆ ಕೂಸನ್ನು ನೋಡಿಕೊಳ್ಳುವವರು ಯಾರು? ದೊಡ್ಡ ಮಗಳು. ಅವಳ ಶಾಲೆ ಅಲ್ಲಿಗೆ ನಿಂತಿತು.

ಇಂಥ ಮನೆಗಳಿಗೆ ಬುದ್ಧಿ ಹೇಳಲು ಬರುವವರು ಬೇಕಾದಷ್ಟು ಜನ ಇದ್ದಾರೆ. ಓದು ದೊಡ್ಡದು, ಮಕ್ಕಳನ್ನು ಕಳುಹಿಸಿ ಎನ್ನುತ್ತಾರೆ. ಆ ಮಗುವಿನ ಕೈ ಮನೆಗೆ ಏನು ತರುತ್ತಿತ್ತು, ಅದು ನಿಂತರೆ ಒಲೆಯ ಮೇಲೆ ಏನು ಕಮ್ಮಿಯಾಗುತ್ತದೆ ಎಂಬ ಲೆಕ್ಕ ಮಾಡುವವರು ಕಡಿಮೆ. ನೂರಮೂವತ್ತು ವರ್ಷದ ಹಿಂದೆ ಆ ಲೆಕ್ಕ ಮಾಡಿದ ಒಬ್ಬ ಮೇಷ್ಟ್ರು ಇದ್ದರು. ಅವರ ಮತ್ತು ಅವರ ಮನೆಯವರ ವಿಷಯವನ್ನು ನಿಮ್ಮ ಮುಂದಿಡುತ್ತೇವೆ.

ಅವರ ಹೆಸರು ಕುದ್ಮುಲ್ ರಂಗರಾವ್. ಹುಟ್ಟಿದ್ದು 1859ರಲ್ಲಿ, ಕಾಸರಗೋಡಿನಲ್ಲಿ. ಕಾಸರಗೋಡು ಈಗ ಕೇರಳದಲ್ಲಿದೆ. ಆಗ ಅದು ಮಂಗಳೂರಿನೊಂದಿಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ನಮ್ಮ ಹೊಸೂರು, ಕೃಷ್ಣಗಿರಿ ಆಗ ಸೇಲಂ ಜಿಲ್ಲೆಯಲ್ಲಿದ್ದವು. ಎರಡು ಜಿಲ್ಲೆಗಳೂ ಒಂದೇ ಮದ್ರಾಸ್ ಪ್ರಾಂತ್ಯದ ಕೆಳಗೆ. ಆದ್ದರಿಂದ ಇದು ಯಾವುದೋ ಪರದೇಶದ ಕಥೆ ಎಂದು ತಿಳಿಯಬೇಡಿ. ಇದೇ ಕಥೆಯ ಕೊನೆಯ ಭಾಗ ನಮ್ಮ ಸೇಲಂ ಸೀಮೆಗೇ ಬಂದು ಮುಟ್ಟುತ್ತದೆ.

ಅವರದು ಸಾರಸ್ವತ ಬ್ರಾಹ್ಮಣರ ಮನೆ. ಜಾತಿಯಲ್ಲಿ ಮೇಲು, ಕೈಯಲ್ಲಿ ಕಾಸಿಲ್ಲ. ಹದಿನಾರರ ವಯಸ್ಸಿಗೆ ತಂದೆ ತೀರಿಕೊಂಡರು. ಮನೆಯ ಭಾರ ಹುಡುಗನ ಹೆಗಲಿಗೆ ಬಂತು. ಮಂಗಳೂರಿಗೆ ಬಂದು ಶಾಲಾ ಮೇಷ್ಟ್ರಾದರು. ಸಂಬಳ ತಿಂಗಳಿಗೆ 8 ರೂಪಾಯಿ. ಈ ಎಂಟು ರೂಪಾಯಿಯನ್ನು ನೀವು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಆ ಕಾಲದಲ್ಲಿ ಮೇಷ್ಟ್ರು ಕೆಲಸವೆಂದರೆ ಗೌರವ ಉಂಟು, ಗಂಜಿಗೆ ಸಾಲದು ಎಂಬ ಸ್ಥಿತಿ. ನಮ್ಮ ದೇಶದಲ್ಲಿ ಮಾತ್ರವಲ್ಲ, ಈಗ ಬಹಳ ಶ್ರೀಮಂತವೆನ್ನುವ ಅಮೆರಿಕದ ಹಳ್ಳಿಗಳಲ್ಲೂ ಹೀಗೆಯೇ ಇತ್ತು. ಅಲ್ಲಿಯ ಒಬ್ಬ ಟೀಚರಮ್ಮನ ವಿಷಯ ಇಲ್ಲಿ ಹೇಳಬೇಕು. ಅವಳ ಮನೆ ನಮ್ಮ ಮನೆಗಳ ಹಾಗೆಯೇ ಊರಿಂದೂರಿಗೆ ಗಂಟುಮೂಟೆ ಕಟ್ಟಿದ ಮನೆ.

ಅವಳು ಲಾರಾ ಇಂಗಲ್ಸ್. ಹುಟ್ಟಿದ್ದು 1867ರಲ್ಲಿ. ಅವಳ ತಾಯಿ ಕ್ಯಾರೊಲಿನ್ ಮದುವೆಗೆ ಮೊದಲು ಹಳ್ಳಿ ಶಾಲೆಯಲ್ಲಿ ಪಾಠ ಹೇಳಿದವಳು. ತಂದೆಗೆ ಒಂದು ಕಡೆ ನಿಲ್ಲಲು ಆಗಲಿಲ್ಲ. ಒಂದು ಸೀಮೆಯಲ್ಲಿ ಗೋಧಿ ಬೆಳೆದರೆ ಮಿಡತೆ ತಿಂದವು, ಇನ್ನೊಂದು ಕಡೆ ಸಾಲ ಮೈಮೇಲೆ ಬಂತು. 1869ರಲ್ಲಿ ಕಾನ್ಸಸ್ ಎಂಬ ಸೀಮೆಯಲ್ಲಿ ಅವರು ಗುಡಿಸಲು ಹಾಕಿದ ನೆಲ ಒಸೇಜ್ ಎಂಬ ಮೂಲನಿವಾಸಿಗಳದ್ದು. ಬಡವನು ತನಗಿಂತ ಬಡವನ ನೆಲದ ಮೇಲೆ ಕಾಲಿಟ್ಟ ಹಾಗಾಯಿತು, ಅದನ್ನು ಮುಚ್ಚಿಡುವುದು ಬೇಡ. 1879ರಲ್ಲಿ ತಂದೆ ರೈಲು ದಾರಿ ಹಾಕುವ ಕೂಲಿಗಳ ಕ್ಯಾಂಪಿಗೆ ಲೆಕ್ಕ ಬರೆಯುವವನಾಗಿ ಸೇರಿದ. ಕೂಲಿಗಳ ಹಾಜರಿ, ಅಂಗಡಿ ಸಾಮಾನಿನ ಲೆಕ್ಕ, ಬಟವಾಡೆ. ನಮ್ಮ ತೋಟದ ರೈಟರ ಕೆಲಸವೆಂದು ಇಟ್ಟುಕೊಳ್ಳಿ. ಅದೇ ವರ್ಷ ಲಾರಾಳ ಅಕ್ಕ ಮೇರಿಗೆ ಜ್ವರ ಬಂದು ಎರಡು ಕಣ್ಣೂ ಹೋದವು. ಆಗ ಮೇರಿಗೆ ಹದಿನಾಲ್ಕು ವರ್ಷ. 1881ರಲ್ಲಿ ಅವಳನ್ನು ದೂರದ ಅಯೋವಾ ಸೀಮೆಯ ಅಂಧರ ಶಾಲೆಗೆ ಕಳುಹಿಸಿದರು. ಪಾಠದ ಖರ್ಚನ್ನು ಸರ್ಕಾರ ಕೊಟ್ಟರೂ ಬಟ್ಟೆಬರೆ, ದಾರಿ ಖರ್ಚು ಮನೆಯವರದ್ದೇ.

ಆಗ ಲಾರಾ ದುಡಿಯಲು ಹೊರಟಳು. ಹದಿನೇಳು ತುಂಬುವ ಮೊದಲೇ, ಮನೆಯಿಂದ ಸುಮಾರು ಹನ್ನೆರಡು ಮೈಲಿ ಆಚೆ, ಹಲಗೆ ಸೀಳಿನಿಂದ ಹಿಮ ಒಳಗೆ ಬೀಳುವ ಒಂದು ಕೋಣೆಯ ಶಾಲೆ. ಐದು ಮಕ್ಕಳು. ಎರಡು ತಿಂಗಳ ಕೆಲಸ, ತಿಂಗಳಿಗೆ 20 ಡಾಲರು. ಆ ಕಾಲದಲ್ಲಿ ಹಳ್ಳಿ ಟೀಚರಿಗೆ ಬೇರೆ ಮನೆ ಕೊಡುತ್ತಿರಲಿಲ್ಲ, ಊರಿನವರ ಮನೆಯಲ್ಲೇ ಉಂಡು ಮಲಗಬೇಕು. ಲಾರಾ ಉಳಿದ ಮನೆಯ ಯಜಮಾನಿ ಆ ಬಯಲಿನ ಒಂಟಿ ಬಾಳಿಗೆ ಬೇಸತ್ತು ಯಾರೊಂದಿಗೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಹುಡುಗಿ ಅಲ್ಲೇ ದಿನ ಎಣಿಸಿ ನಲವತ್ತು ಡಾಲರು ತಂದು ಮನೆಗೆ ಕೊಟ್ಟಳು. ಹೀಗೆ ಮೂರು ಶಾಲೆಗಳಲ್ಲಿ ಪಾಠ ಹೇಳಿದಳು. 1885ರಲ್ಲಿ ಮದುವೆಯಾಯಿತು, ಟೀಚರ ಕೆಲಸ ಅಲ್ಲಿಗೆ ಮುಗಿಯಿತು. ಮದುವೆಯಾದ ಹೆಂಗಸಿಗೆ ಶಾಲೆ ಕೊಡುವ ರೂಢಿ ಅಲ್ಲಿ ಆಗ ಇರಲಿಲ್ಲ. ಅವಳು ತನ್ನ ಬಾಲ್ಯದ ಕಥೆಯನ್ನು ಪುಸ್ತಕವಾಗಿ ಬರೆಯತೊಡಗಿದ್ದು ಮುದುಕಿಯಾದ ಮೇಲೆ. ಮೊದಲ ಪುಸ್ತಕ 1932ರಲ್ಲಿ ಬಂದಾಗ ಅವಳಿಗೆ ಅರವತ್ತೈದು. ಆ ಪುಸ್ತಕಗಳನ್ನು ಲೋಕವೆಲ್ಲ ಓದಿತು.

ಒಂದು ವಿಷಯ ಗಮನಿಸಿ. ಲಾರಾ ಎಷ್ಟೇ ಬಡವಳಾಗಿರಲಿ, ಶಾಲೆಯ ಬಾಗಿಲಲ್ಲಿ ಅವಳನ್ನು ಯಾರೂ ತಡೆಯಲಿಲ್ಲ. ತಂದೆ ಊರು ಬಿಟ್ಟು ಊರಿಗೆ ಹೋದರೂ ಹೋದಲ್ಲಿ ಶಾಲೆ ಇದ್ದರೆ ಅವಳು ಒಳಗೆ ಹೋಗಿ ಕೂರಬಹುದಿತ್ತು. ಅದೇ ವರ್ಷಗಳಲ್ಲಿ ಮಂಗಳೂರಿನ ಗದ್ದೆಗಳಲ್ಲಿ ದುಡಿಯುತ್ತಿದ್ದವರ ಮಕ್ಕಳಿಗೆ ಬಾಗಿಲೇ ತೆರೆದಿರಲಿಲ್ಲ. 1843ರ ಕಾನೂನಿನಿಂದ ಗುಲಾಮಗಿರಿ ಹೋಯಿತೆಂದು ಕಾಗದ ಹೇಳುತ್ತಿತ್ತು. ಆದರೆ ದಣಿಯ ಭೂಮಿಗೆ, ದಣಿಯ ಸಾಲಕ್ಕೆ ಕಟ್ಟುಬಿದ್ದ ಆಳು ಆಳಾಗಿಯೇ ಉಳಿದಿದ್ದ. ಆಳಿನ ಮಗ ದನ ಕಾಯಬೇಕು, ಮಗಳು ದಣಿಯ ಹಟ್ಟಿಯ ಸಗಣಿ ಹೊರಬೇಕು. ಮುಟ್ಟಬಾರದವರೆಂದು ದೂರ ಇಟ್ಟ ಈ ಜನರ ಮಕ್ಕಳನ್ನು ಊರ ಶಾಲೆಯಲ್ಲಿ ಕೂರಿಸಿದರೆ ಉಳಿದ ಮಕ್ಕಳನ್ನು ತಂದೆತಾಯಂದಿರು ಎಬ್ಬಿಸಿಕೊಂಡು ಹೋಗುತ್ತಿದ್ದ ಕಾಲ. ಬಾಸೆಲ್ ಮಿಶನಿನವರು 1834ರಲ್ಲೇ ಮಂಗಳೂರಿಗೆ ಬಂದು ಶಾಲೆ ನಡೆಸುತ್ತಿದ್ದರು. ಆದರೂ ಗದ್ದೆಯ ಆಳಿನ ಮಗುವಿಗೆ ಅಕ್ಷರ ಕೈಗೆಟುಕದ ಹಣ್ಣಾಗಿಯೇ ಇತ್ತು.

ರಂಗರಾವ್ ಮೇಷ್ಟ್ರು ಕೆಲಸದಲ್ಲಿದ್ದುಕೊಂಡೇ ಓದಿ ವಕೀಲಿ ಪರೀಕ್ಷೆ ಮಾಡಿಕೊಂಡರು. ಕೋರ್ಟಿಗೆ ಹೋಗಿ ಬಡವರ ಕಡೆ ನಿಂತು ವಾದಿಸುವ ವಕೀಲರೆಂದು ಹೆಸರಾದರು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಮನೆ, ಗದ್ದೆ, ಮರ್ಯಾದೆ ಎಲ್ಲ ಆಗುತ್ತಿತ್ತು. ಅವರನ್ನು ಸುಮ್ಮನಿರಲು ಬಿಡದ ಸಂಗತಿ ಒಂದು ನಡೆಯಿತು. ಬೆಂದೂರು ಬಾಬು ಎಂಬ ಒಬ್ಬ ದಲಿತ ಯುವಕ ಅಷ್ಟಿಷ್ಟು ಓದಿಕೊಂಡಿದ್ದ. ಅವನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತು. ಒಬ್ಬ ಜವಾನ, ಅಷ್ಟೇ. ಅದನ್ನೂ ಸಹಿಸಲಾರದೆ ಮೇಲು ಜಾತಿಯವರು ಗಲಾಟೆ ಎಬ್ಬಿಸಿದರು. ನ್ಯಾಯ ಹೇಳುವ ಮನೆಯಲ್ಲಿಯೇ ಹೀಗಾದರೆ ಇನ್ನೆಲ್ಲಿ ನ್ಯಾಯ? ಒಬ್ಬನಿಗೆ ಒಂದು ಕೆಲಸ ಕೊಡಿಸಿದರೆ ಸಾಲದು, ಇವರ ಮಕ್ಕಳಿಗೆಂದೇ ಶಾಲೆ ಬೇಕು ಎಂದು ರಂಗರಾಯರು ನಿಶ್ಚಯಿಸಿದರು. 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಆ ಶಾಲೆ ತೆರೆಯಿತು.

ತೆರೆದರು ಸರಿ, ಮಕ್ಕಳು ಬರಬೇಕಲ್ಲ! ಇಲ್ಲಿಯೇ ಆ ಮನುಷ್ಯನ ಬುದ್ಧಿ ನೋಡಬೇಕು. ಬೇರೆ ಯಾರಾದರೂ ಆಗಿದ್ದರೆ, ಬಾಗಿಲು ತೆರೆದು ಕೂತಿದ್ದೇನೆ, ಈ ಜನಕ್ಕೆ ಓದು ಬೇಡ ಎಂದು ಬರೆದಿಟ್ಟು ಮನೆಗೆ ಹೋಗುತ್ತಿದ್ದರು. ರಂಗರಾಯರು ಹಟ್ಟಿಗಳಿಗೆ ಹೋಗಿ ತಂದೆತಾಯಂದಿರನ್ನು ಕಂಡು ಮಾತಾಡಿದರು. ಅವರಿಗೆ ಮಗು ಎಂದರೆ ಎರಡು ಕೈ. ಆ ಕೈ ಶಾಲೆಗೆ ಹೋದರೆ ದಣಿಯ ಮನೆಯಿಂದ ಸಿಗುವ ಗಂಜಿ ನಿಲ್ಲುತ್ತದೆ. ಆದಕಾರಣ ರಂಗರಾಯರು ಎರಡು ಏರ್ಪಾಡು ಮಾಡಿದರು. ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನದ ಊಟ. ಬಂದ ದಿನಕ್ಕೆ ಎರಡು ಪೈಸೆ.

ಎರಡು ಪೈಸೆ ಏನು ಮಹಾ ಎನ್ನಬೇಡಿ. ಆಗ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ. ಎರಡು ಪೈಸೆ ಎಂದರೆ ಅರ್ಧ ಆಣೆ. ತಿಂಗಳಿಗೆ 26 ದಿನ ಬಂದ ಮಗುವಿಗೆ 13 ಆಣೆ. ಹತ್ತು ಮಕ್ಕಳಾದರೆ ತಿಂಗಳಿಗೆ 130 ಆಣೆ, ಅಂದರೆ 8 ರೂಪಾಯಿ 2 ಆಣೆ. ಈಗ ಆ ಎಂಟು ರೂಪಾಯಿ ನೆನಪಿಗೆ ಬಂತೇ? ಹಿಂದೆ ತಮ್ಮ ಇಡೀ ಮನೆಯನ್ನು ಸಾಕಿದ ಮೇಷ್ಟ್ರ ಸಂಬಳ ಯಾವುದೋ, ಹತ್ತು ಮಕ್ಕಳನ್ನು ಶಾಲೆಯಲ್ಲಿ ಕೂರಿಸಲು ಅಷ್ಟೇ ಬೇಕಾಗುತ್ತಿತ್ತು. ಊಟದ ಖರ್ಚು ಬೇರೆ. ಎಂಟು ರೂಪಾಯಿಯಲ್ಲಿ ತಿಂಗಳು ತಳ್ಳಿದವರಿಗೆ ಮಾತ್ರ ಎರಡು ಪೈಸೆಯ ಬೆಲೆ ಗೊತ್ತಿರಲು ಸಾಧ್ಯ ಎಂದು ನಮಗನ್ನಿಸುತ್ತದೆ. ಶ್ರೀಮಂತನಾಗಿ ಹುಟ್ಟಿದವನು ಸ್ಲೇಟು ಹಂಚುತ್ತಿದ್ದ.

ದಣಿಗಳು ಸುಮ್ಮನಿರಲಿಲ್ಲ. ಆಳಿನ ಮಗ ಅಕ್ಷರ ಕಲಿತರೆ ಲೆಕ್ಕ ಕೇಳುತ್ತಾನೆ. ಮುಂಗಡ ಎಷ್ಟು, ಹಿಡಿದದ್ದೆಷ್ಟು, ಉಳಿದದ್ದೆಷ್ಟು ಎನ್ನುತ್ತಾನೆ. ಆ ಭಯ ಆಗಿನ ದಣಿಗೂ ಇತ್ತು, ಈಗಿನ ಕೆಲವು ಮೇಸ್ತ್ರಿಗಳಿಗೂ ಉಂಟು. ಶಾಲೆಯನ್ನು ಒಂದು ಜಾಗದಲ್ಲಿ ನಿಲ್ಲಗೊಡಲಿಲ್ಲ. ಉರ್ವದಿಂದ ಎಬ್ಬಿಸಿದರು, ಇನ್ನೊಂದು ಕಡೆ ಹೋಯಿತು, ಅಲ್ಲಿಂದಲೂ ಹೋಗಬೇಕಾಯಿತು. ಕೊನೆಗೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಗಟ್ಟಿ ನೆಲೆ ಸಿಕ್ಕಿತು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆ ಕಟ್ಟಿದರು. ಶೇಡಿಗುಡ್ಡೆಯಲ್ಲಿ ಶಾಲೆಯೊಂದಿಗೆ ಮಗ್ಗ, ಮರಗೆಲಸ ಕಲಿಸುವ ಏರ್ಪಾಡೂ ಆಯಿತು. ಬರೀ ಓದು ಹೊಟ್ಟೆಗೆ ಸಾಲದು, ಕೈಕಸುಬೂ ಬೇಕು ಎಂಬುದು ಅವರ ಲೆಕ್ಕ. ಜಿಲ್ಲೆಯ ಬೇರೆ ಊರುಗಳಲ್ಲೂ ಶಾಲೆ ತೆರೆದರು. ಮನೆ ಕಟ್ಟಿಕೊಳ್ಳಲು ಜಾಗ ಕೊಡಿಸಿದರು. ದಣಿಯ ಜಾಗದಲ್ಲಿ ಗುಡಿಸಲು ಇರುವ ತನಕ ದಣಿಯ ಮಾತು ಮೀರಲಾಗದು. ಲೈನು ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾಠ ಹೇಳುವವರು ಯಾರು ಎಂಬುದೂ ದೊಡ್ಡ ಕಷ್ಟವಾಯಿತು. ಮೇಲು ಜಾತಿಯ ಮೇಷ್ಟ್ರುಗಳು ಈ ಮಕ್ಕಳ ಹತ್ತಿರ ನಿಲ್ಲಲು ಒಪ್ಪಲಿಲ್ಲ. ಮೊದಲು ಬಂದವರು ಕ್ರೈಸ್ತ ಮೇಷ್ಟ್ರುಗಳು. ಇದನ್ನು ನಮ್ಮ ಕೂಟದಲ್ಲಿ ಹೇಳುವಾಗ ಸಂತೋಷವಾಗುತ್ತದೆ, ಆದರೆ ಬೀಗುವುದು ಬೇಡ. ರಂಗರಾಯರು ಕ್ರೈಸ್ತರಾಗಿರಲಿಲ್ಲ, ಬ್ರಹ್ಮಸಮಾಜಕ್ಕೆ ಸೇರಿದವರು. ಒಳ್ಳೆಯ ಕೆಲಸ ಯಾರ ಕೈಯಿಂದಾದರೂ ಒಳ್ಳೆಯದೇ. ಕ್ರೈಸ್ತ ಮೇಷ್ಟ್ರುಗಳಿಗಿಂತ ನಮಗೆ ಹೆಚ್ಚು ಸಂತೋಷ ಕೊಡುವ ಸುದ್ದಿ ಬೇರೆ ಇದೆ. ಕೆಲವು ವರ್ಷಗಳಲ್ಲಿ ದಲಿತರೊಳಗಿನಿಂದಲೇ ಮೇಷ್ಟ್ರುಗಳು ಎದ್ದುಬಂದರು. ಕೋರ್ಟಿನ ಜವಾನಗಿರಿಗೂ ಯೋಗ್ಯನಲ್ಲವೆಂದು ದೂರಿಸಿಕೊಂಡ ಬೆಂದೂರು ಬಾಬು ಮೇಷ್ಟ್ರಾದರು. ಅಂಗಾರ ಎಂಬವರು ಅಂಗಾರ ಮಾಸ್ತರ್ ಎಂದು ಹೆಸರಾದರು. ಅಂಗಾರ ಎಂಬ ಹೆಸರು ಆ ಕಡೆ ಆಳುಗಳಿಗೆ ಇಡುವ ಹೆಸರು, ಮಂಗಳವಾರ ಹುಟ್ಟಿದವನೆಂದು. ಆ ಹೆಸರಿನ ಮುಂದೆ ಮಾಸ್ತರ್ ಎಂಬ ಮಾತು ಸೇರಿದ ದಿನ ಎಷ್ಟು ದೊಡ್ಡ ದಿನವಾಗಿರಬೇಕು, ನೀವೇ ಯೋಚಿಸಿ.

ಇನ್ನು ಮೇಷ್ಟ್ರ ಮನೆಯ ವಿಷಯಕ್ಕೆ ಬರುತ್ತೇವೆ. ದೊಡ್ಡವರ ಹೆಸರು ಹೇಳುವ ಸಭೆಗಳಲ್ಲಿ ಮನೆಯವರನ್ನು ಮರೆಯುವುದು ರೂಢಿ. ಗಂಡಸು ಊರಿಗೆ ಎದುರಾಗಿ ನಿಂತರೆ ಅದರ ಏಟು ಮೊದಲು ಬೀಳುವುದು ಮನೆಯೊಳಗೆ. ರಂಗರಾಯರನ್ನು ಜಾತಿಯವರು ಹೊರಗಿಟ್ಟರು. ಹೊರಗಿಡುವುದೆಂದರೇನು? ಮದುವೆಗೆ ಕರೆಯುವುದಿಲ್ಲ, ಸಾವಿಗೆ ಬರುವುದಿಲ್ಲ, ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಕೋರ್ಟಿಗೆ ಹೋಗುವ ಗಂಡಸಿಗೆ ಅಲ್ಲಿ ಕೆಲಸವುಂಟು, ಮಾತಿಗೆ ಜನವುಂಟು. ಹಗಲೆಲ್ಲ ಆ ಮೌನದಲ್ಲಿ ಕೂರಬೇಕಾದವಳು ಮನೆಯ ಹೆಂಗಸು. ಹಾಗೆ ಕೂತು ಆ ಮನೆಯನ್ನು ನಡೆಸಿದ ಅಮ್ಮನವರ ಪಾಲು ಶೇಡಿಗುಡ್ಡೆಯ ಶಾಲೆಯಲ್ಲಿ ಗಂಡನ ಪಾಲಿಗಿಂತ ಕಡಿಮೆಯೆಂದು ನಾವು ಒಪ್ಪುವುದಿಲ್ಲ.

ಆ ಮನೆಯಲ್ಲಿ ರಾಧಾಬಾಯಿ ಎಂಬ ಮಗಳು. ಆಗಿನ ರೂಢಿಯಂತೆ ಎಳೆಯ ವಯಸ್ಸಿನಲ್ಲೇ ಮದುವೆ ಮಾಡಿದರು, ಬೇಗನೆ ಗಂಡ ತೀರಿಕೊಂಡ. ವಿಧವೆ ಎಂದರೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ಅಡುಗೆಮನೆಯ ಮೂಲೆಗೆ ತಳ್ಳುತ್ತಿದ್ದ ಕಾಲ. ಊರ ಮಕ್ಕಳಿಗೆ ಶಾಲೆ ತೆರೆದವರು ತಮ್ಮ ಮನೆಯ ಮಗಳಿಗೆ ಏನು ಮಾಡುತ್ತಾರೆ? ಮನುಷ್ಯನ ನಿಜವಾದ ಪರೀಕ್ಷೆ ಅಲ್ಲಿ. ಬೀದಿಯಲ್ಲಿ ಸುಧಾರಕ, ಮನೆಯಲ್ಲಿ ಹಳೆಯ ದಣಿ, ಇಂಥವರನ್ನು ನಾವೂ ಬೇಕಾದಷ್ಟು ಕಂಡಿದ್ದೇವೆ. ರಂಗರಾಯರು ಮಗಳನ್ನು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿಸಿದರು. 1912ರಲ್ಲಿ ಅವರಿಗೆ ಮರುಮದುವೆಯಾಯಿತು, ಅದೂ ಜಾತಿ ಬಿಟ್ಟು. ಹುಡುಗ ತಿರುಚೆಂಗೋಡಿನ ಹತ್ತಿರದ ಕುಮಾರಮಂಗಲದ ಜಮೀನ್ದಾರರು, ಗೌಂಡರ್ ಮನೆತನದ ಪಿ. ಸುಬ್ಬರಾಯನ್. ಸೇಲಂ ಸೀಮೆಗೆ ಕಥೆ ಬಂದು ಮುಟ್ಟುತ್ತದೆ ಎಂದೆವಲ್ಲ, ಹೀಗೆ. ತಿರುಚೆಂಗೋಡು ಆಗ ನಮ್ಮ ಸೇಲಂ ಜಿಲ್ಲೆಯದೇ ಊರು.

ಸುಬ್ಬರಾಯನ್ 1926ರಿಂದ 1930ರವರೆಗೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದರು. 1937ರಲ್ಲಿ ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿ ಸರ್ಕಾರ ಮಾಡಿದಾಗ ವಿದ್ಯಾಭ್ಯಾಸದ ಖಾತೆ ಸುಬ್ಬರಾಯನ್ ಕೈಯಲ್ಲಿತ್ತು. ರಾಧಾಬಾಯಿ ಆಕ್ಸ್‌ಫರ್ಡಿನಲ್ಲೂ ಓದಿ ಬಂದವರು. 1930ರಲ್ಲಿ ಲಂಡನಿನ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಹೆಂಗಸರಲ್ಲಿ ಅವರೊಬ್ಬರು. 1938ರಲ್ಲಿ ದಿಲ್ಲಿಯ ರಾಜ್ಯ ಪರಿಷತ್ತಿಗೆ ಆರಿಸಿಬಂದ ಮೊದಲ ಹೆಂಗಸು ಅವರೇ. ಮೂಲೆಗೆ ಸೇರಬೇಕಾಗಿದ್ದ ಬಾಲವಿಧವೆ!

ಅವರ ಮಕ್ಕಳಲ್ಲಿ ಒಬ್ಬರು 1966ರಿಂದ 1969ರವರೆಗೆ ಭಾರತ ಸೈನ್ಯದ ದಂಡನಾಯಕರಾಗಿದ್ದ ಜನರಲ್ ಕುಮಾರಮಂಗಲಂ. ಇನ್ನೊಬ್ಬರು ಕೇಂದ್ರದಲ್ಲಿ ಮಂತ್ರಿಯಾಗಿದ್ದು 1973ರ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೋಹನ ಕುಮಾರಮಂಗಲಂ. ಮಗಳು ಪಾರ್ವತಿ ಕೃಷ್ಣನ್. ನಮಗೆ ಹತ್ತಿರದವರು ಈ ಪಾರ್ವತಿಯಮ್ಮನವರು. ಅವರೂ ಇಂಗ್ಲೆಂಡಿನಲ್ಲಿ ಓದಿ ಬಂದು ಕೊಯಮತ್ತೂರಿನ ಗಿರಣಿ ಕಾರ್ಮಿಕರ ನಡುವೆ, ನೀಲಗಿರಿಯ ತೋಟ ಕಾರ್ಮಿಕರ ನಡುವೆ ಸಂಘ ಕಟ್ಟಿದರು. 1957ರಲ್ಲಿ, ಆಮೇಲೆ 1974 ಮತ್ತು 1977ರಲ್ಲಿ ಕೊಯಮತ್ತೂರಿನಿಂದ ಲೋಕಸಭೆಗೆ ಆರಿಸಿಹೋದರು. 2014ರಲ್ಲಿ ತೀರಿಕೊಂಡರು. ಎಂಟು ರೂಪಾಯಿ ಮೇಷ್ಟ್ರ ಮೊಮ್ಮಗಳು ಚಹಾ ತೋಟದ ಹೆಂಗಸರ ಕೂಲಿಗಾಗಿ ಮಾತಾಡಿದರು.

ಜಮೀನ್ದಾರರ ಮನೆ ಸೇರಿದ ಮೇಲೆ ಮಕ್ಕಳು ಮೇಲೇರಿದ್ದರಲ್ಲಿ ಏನಾಶ್ಚರ್ಯ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾವು ಆ ದೊಡ್ಡ ಹೆಸರುಗಳನ್ನು ಹೇಳಿದ್ದು ಅವರು ದೊಡ್ಡವರೆಂದಲ್ಲ. ಮಗಳ ವಿಷಯದಲ್ಲಿ ಒಬ್ಬ ತಂದೆ ಊರಿಗೆ ಹೆದರದೆ ಇದ್ದದ್ದರಿಂದ ಎಷ್ಟು ದೂರ ಬೆಳಕು ಹೋಯಿತು ಎಂದು ತೋರಿಸಲು. ನಮ್ಮಲ್ಲಿ ಹದಿನಾಲ್ಕು ಹದಿನೈದಕ್ಕೆ ಮಗಳನ್ನು ಶಾಲೆ ಬಿಡಿಸಿ, ಅತ್ತೆಯ ಮಗನೋ ಸೋದರಮಾವನೋ ಎಂದು ಮಾತು ಮುಗಿಸುವ ಮನೆಗಳು ಈಗಲೂ ಉಂಟು. ಆ ಮನೆಗಳ ಯಜಮಾನರು ಇವತ್ತು ಇಲ್ಲಿ ಕುಳಿತಿದ್ದರೆ ನಮ್ಮ ಮೇಲೆ ಕೋಪಿಸಿಕೊಳ್ಳಬಾರದು.

ರಂಗರಾಯರ ಒಂದು ಆಸೆ ಮಂಗಳೂರು ಸೀಮೆಯಲ್ಲಿ ಮನೆಮಾತು. ತಮ್ಮ ಶಾಲೆಯಲ್ಲಿ ಓದಿದ ದಲಿತ ಮಗುವೊಂದು ದೊಡ್ಡ ಕೆಲಸ ಹಿಡಿದು, ತನ್ನದೇ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು. ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು, ಆಗ ತಮ್ಮ ಬಾಳು ಸಾರ್ಥಕ ಎಂದು. ಕೊನೆಗಾಲದಲ್ಲಿ ಮಿಶನಿನ ಹೊಣೆಯನ್ನು ಭಾರತ ಸೇವಕ ಸಂಘದವರಿಗೆ ಒಪ್ಪಿಸಿದರು. 1927ರಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದ ಎಂಬ ಹೆಸರಿಟ್ಟುಕೊಂಡರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಹೆಣವನ್ನು ಊರು ಗುಡಿಸುವ ತೋಟಿ ಜನರೇ ಹೊರಬೇಕೆಂದು ಹೇಳಿಟ್ಟಿದ್ದರು, ಅವರೇ ಹೊತ್ತರು. ಮಂಗಳೂರಿನ ಪುರಭವನಕ್ಕೆ ಈಗ ಅವರ ಹೆಸರಿದೆ.

ಇನ್ನು ನಮ್ಮ ಊರಿನ ವಿಷಯ. ಮಗು ಹಸಿದು ಕೂತರೆ ಪಾಠ ಇಳಿಯದು ಎಂದು ಒಬ್ಬ ಮೇಷ್ಟ್ರು 1890ರ ದಶಕದಲ್ಲಿ ಕೈಯಿಂದ ಖರ್ಚು ಮಾಡಿ ತೋರಿಸಿದ್ದನ್ನು ಸರ್ಕಾರಗಳು ಒಪ್ಪಲು ಬಹಳ ಕಾಲ ಹಿಡಿಯಿತು. ಮದ್ರಾಸ್ ನಗರಸಭೆ 1920ರಲ್ಲಿ ಒಂದು ಶಾಲೆಯಲ್ಲಿ ಊಟ ಶುರುಮಾಡಿತು. ಕಾಮರಾಜರು 1956ರಲ್ಲಿ ರಾಜ್ಯಕ್ಕೆಲ್ಲ ತಂದರು. ಎಂ.ಜಿ.ಆರ್. ಅವರು 1982ರಲ್ಲಿ ಅದನ್ನು ದೊಡ್ಡದು ಮಾಡಿದರು. 2022ರಿಂದ ಬೆಳಗಿನ ತಿಂಡಿಯೂ ಬಂತು. ನಸುಕಿಗೇ ತೋಟಕ್ಕೆ ಹೊರಡುವ ತಾಯಿಗೆ ಆ ತಿಂಡಿಯ ಬೆಲೆ ಗೊತ್ತು.

ತೋಟದವರಿಗೆಂದು 1951ರಲ್ಲಿ ಒಂದು ಕಾಯ್ದೆ ಬಂದಿತ್ತು. ಚಹಾ, ಕಾಫಿ, ರಬ್ಬರ್ ಮೊದಲಾದ ತೋಟಗಳಲ್ಲಿ ಕಾರ್ಮಿಕರ ಮಕ್ಕಳು, 6ರಿಂದ 12 ವರ್ಷದವರು, 25ಕ್ಕೆ ಮೀರಿದರೆ ಅವರ ಓದಿಗೆ ಏರ್ಪಾಡು ಮಾಡುವಂತೆ ತೋಟದ ಮಾಲೀಕರಿಗೆ ಸರ್ಕಾರ ಹೇಳಬಹುದೆಂದು ಅದರಲ್ಲಿತ್ತು. ನಮ್ಮ ಕಡೆಯ ಹೂವಿನ ತೋಟ, ಮಾವಿನ ತೋಪು ಆ ಪಟ್ಟಿಯಲ್ಲೇ ಇರಲಿಲ್ಲ. ಆದ್ದರಿಂದ ನಮಗೆ ಹೆಚ್ಚು ಕೆಲಸಕ್ಕೆ ಬರುವುದು 2009ರ ಶಿಕ್ಷಣ ಹಕ್ಕಿನ ಕಾಯ್ದೆ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ.

ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಯಾವ ಸರ್ಕಾರಿ ಶಾಲೆಯೂ ಹಿಂದಕ್ಕೆ ಕಳುಹಿಸುವಂತಿಲ್ಲ. ಹುಟ್ಟಿದ ದಿನದ ಸರ್ಟಿಫಿಕೇಟು ಇಲ್ಲ ಎಂದು ಹೇಳಿ ತಿರುಗಿಸುವಂತಿಲ್ಲ. ಹಳೆಯ ಶಾಲೆಯ ಟಿ.ಸಿ. ಬರುವುದು ತಡವಾಯಿತು ಎಂದೂ ಹೇಳುವಂತಿಲ್ಲ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದರೂ ಸೇರುವ ಹಕ್ಕು ಹೋಗುವುದಿಲ್ಲ. ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಿ, ಹಿಂದೆ ಬಿದ್ದದ್ದನ್ನು ಬೇರೆಯಾಗಿ ಕಲಿಸಬೇಕು. ಹತ್ತು ವರ್ಷದ ಹುಡುಗನನ್ನು ಒಂದನೇ ತರಗತಿಯ ಕೂಸುಗಳ ನಡುವೆ ಕೂರಿಸಿ ನಾಚಿಕೆಪಡಿಸುವಂತಿಲ್ಲ. ಹದಿನಾಲ್ಕಕ್ಕೆ ಕೆಳಗಿನ ಮಗುವನ್ನು ಕೂಲಿಗೆ ಹಚ್ಚುವುದು 2016ರ ತಿದ್ದುಪಡಿಯ ಮೇಲೆ ಎಲ್ಲ ಕೆಲಸಗಳಲ್ಲೂ ನಿಷೇಧ. ತಾಯಿಯ ಚೀಲಕ್ಕೆ ಮಗು ಹಣ್ಣು ಕೊಯ್ದು ಹಾಕುತ್ತದೆ, ಹೆಸರು ಮಾತ್ರ ತಾಯಿಯದು ಎಂಬ ಉಪಾಯವನ್ನು ಮೇಸ್ತ್ರಿ ಹೇಳಿಕೊಟ್ಟರೆ ಕೇಳಬೇಡಿ.

ನಮ್ಮಲ್ಲಿ ಒಂದು ಅನುಕೂಲವೂ ಇದೆ, ಅದನ್ನು ನಾವು ಸರಿಯಾಗಿ ಉಪಯೋಗಿಸುತ್ತಿಲ್ಲ. ಹೊಸೂರು, ಡೆಂಕಣಿಕೋಟೆ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಅಲ್ಲಿ ಓದುವ ಮಗು ಕೊಡಗಿಗೆ ಹೋದರೆ ಅಲ್ಲಿಯ ಶಾಲೆಯ ಭಾಷೆ ಅದಕ್ಕೆ ಹೊಸದಲ್ಲ. ಮೂರು ತಿಂಗಳಾದರೂ ಅಲ್ಲಿ ಹೋಗಿ ಕೂರಲು ಅಡ್ಡಿಯಿಲ್ಲ. ಮಧ್ಯಾಹ್ನದ ಊಟ ಅಲ್ಲಿಯೂ ಉಂಟು. ಲಾರಾ ಐದು ಸೀಮೆ ಅಲೆದರೂ ಹೋದಲ್ಲಿ ಬೆಂಚಿನ ಮೇಲೆ ಕೂತದ್ದು ಹೀಗೆಯೇ.

ಅದಕ್ಕೆ ಮುಂಗಡ ತೆಗೆದುಕೊಳ್ಳುವ ಮೊದಲೇ ಮಾಡಬೇಕಾದ ಕೆಲಸ ಇದೆ. ಯಾವ ತೋಟ, ಹತ್ತಿರದ ಶಾಲೆ ಎಷ್ಟು ದೂರ ಎಂದು ಮೇಸ್ತ್ರಿಯನ್ನು ಎಲ್ಲರ ಎದುರಿಗೆ ಕೇಳಿ. ಒಬ್ಬಿಬ್ಬರು ಕೇಳಿದರೆ ಗದರುತ್ತಾನೆ, ಹತ್ತು ಮನೆಯವರು ಒಟ್ಟಿಗೆ ಕೇಳಿದರೆ ಉತ್ತರ ಕೊಡುತ್ತಾನೆ. ಹೊರಡುವ ವಾರ ಶಾಲೆಗೆ ಹೋಗಿ ಮೇಷ್ಟ್ರಿಗೆ ಹೇಳಿ, ಮಗುವಿನ ಹೆಸರು, ತರಗತಿ ಬರೆದ ಒಂದು ಚೀಟಿ ಕೇಳಿ ಪಡೆಯಿರಿ. ಪುಸ್ತಕಗಳನ್ನು ಅಕ್ಕಿ ಮೂಟೆಯ ಜೊತೆ ಕಟ್ಟಿಕೊಳ್ಳಿ. ಮಗುವನ್ನು ಇಲ್ಲೇ ಬಿಟ್ಟುಹೋಗುವವರು ಯಾರ ಮನೆಯಲ್ಲಿ ಬಿಡುತ್ತೀರಿ ಎಂದು ನಮಗೆ ತಿಳಿಸಿ. ಹತ್ತನೇ ತರಗತಿ, ಹನ್ನೆರಡನೇ ತರಗತಿ ಮುಗಿಸಿ ಮನೆಯಲ್ಲಿರುವ ನಮ್ಮ ಹುಡುಗಿಯರು ನಾಲ್ಕೈದು ಮಂದಿ ಈ ಕೂಟದಲ್ಲೇ ಇದ್ದಾರೆ. ಸಂಜೆ ಒಂದು ಗಂಟೆ ಚಿಕ್ಕವರನ್ನು ಕೂರಿಸಿ ಓದಿಸಲು ಅವರು ಒಪ್ಪಿದ್ದಾರೆ. ಅವರಿಗೆ ತಿಂಗಳಿಗೆ ಏನಾದರೂ ಕೊಡಬೇಕೆಂದು ನಾವು ಕೇಳುತ್ತೇವೆ, ಪುಕ್ಕಟೆ ಬೇಡ. ಮನೆಗಿಷ್ಟು ಎಂದು ಎಷ್ಟು ಹಾಕಬಹುದು ಎಂಬುದನ್ನು ಊಟವಾದ ಮೇಲೆ ತಾಯಂದಿರೇ ಕೂತು ತೀರ್ಮಾನಿಸಿ. ಮಕ್ಕಳ ಹೆಸರು ಬರೆಯುವ ಪುಸ್ತಕ ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಹೆಸರು ಬರೆಯಲು ಬಾರದವರ ಪರವಾಗಿ ಅವರ ಮಕ್ಕಳೇ ಬರೆಯಲಿ.